ಹೊಸ್ತಿಲಲ್ಲಿ ಹೇಳಿದ ಹೆಸರು

"ಈ ಸಲ ಪೂಜಿಗಿಂತ ಮೊದಲ ಬೈಬಲ್ ಚಿಂತನ ನೀವ ಹೇಳ್ರಿ," ಎಂದು ಫಾದರ್ ಗದಗಿನಿಂದ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದುಬಿಟ್ಟೆ. ನಾನು ಹೇಳುವುದೆ! ಬಾಯಿಗೆ ಬೀಗವಿಲ್ಲ ಎಂದು ದಿನಾ ಬೈಸಿಕೊಳ್ಳುವವಳು! ಗಜೇಂದ್ರಗಡದಲ್ಲಿ ನಮ್ಮ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟು. ತಿಂಗಳಿಗೊಮ್ಮೆ ನಮ್ಮ ಪಡಸಾಲೆಯಲ್ಲೇ ಪೂಜೆ. ರೋಣ, ನರಗುಂದದಿಂದಲೂ ಕೆಲವರು ಬಸ್ ಹತ್ತಿ ಬರುತ್ತಾರೆ.

ಅಂದಿನ ವಾಚನ ಪ್ರವಾದಿ ಹೊಶೇಯನದು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ನೋಡಿ, ಎಲ್ಲ ಎಚ್ಚರಿಕೆಯ ಮಾತುಗಳೇ. ಕಟ್ಟಿಕೊಂಡ ಗಂಡನನ್ನು ಬಿಟ್ಟುಹೋದ ಹೆಂಡತಿಯಂತೆ ಜನ ದೇವರನ್ನು ಬಿಟ್ಟರು, ಕಾಳುಕಡಿ ಕೊಟ್ಟವನು ಯಾರೆಂಬುದನ್ನೇ ಮರೆತರು ಎಂದು ಪ್ರವಾದಿ ಕೆಂಡ ಕಾರುತ್ತಾನೆ. ದೇವದ್ರೋಹವೆಂದರೆ ಪಕ್ಕದವರ ಗುಡಿಯ ಮುಂದೆ ಹಾದುಹೋಗುವುದಲ್ಲ, ನಾವು ಕೊಟ್ಟ ಮಾತನ್ನು ನಾವೇ ಮರೆಯುವುದು. ಓದುತ್ತ ಓದುತ್ತ ನನಗೆ ಆವೇಶವೇ ಬಂತು. ಮರುಕ್ಷಣ ನೆನಪಾಯಿತು. ಅತ್ತೆ!

ಮಾವ ತೀರಿಕೊಂಡ ಮೇಲೆ ಅತ್ತೆ ಪೂಜೆಗೆ ಕೂತವರಲ್ಲ. ಪಡಸಾಲೆಯಲ್ಲಿ ಪೂಜೆ ನಡೆದರೆ ಅವರು ಒಳಗೆ ಉಪ್ಪಿಟ್ಟು ತಿರುವುತ್ತಾರೆ. "ದೇವರು ನನ್ನ ಕೈ ಬಿಟ್ಟ, ನಾ ಅವನ್ನ ಬಿಟ್ಟೆ. ಮುಗೀತು," ಎನ್ನುತ್ತಾರೆ. ಅವರನ್ನು ಮತ್ತೆ ಪರಮಪ್ರಸಾದಕ್ಕೆ ನಿಲ್ಲಿಸಬೇಕೆಂಬುದೊಂದೇ ನನ್ನ ಹಟ. ಆದರೆ ಇಷ್ಟು ದಿನ ದೂರವಿದ್ದವರು ಮೊದಲು ಫಾದರ್ ಮುಂದೆ ತಪ್ಪು ಹೇಳಿಕೊಂಡು ಪಾಪನಿವೇದನೆ ಮಾಡಬೇಕು, ಆಮೇಲೆಯೇ ಪ್ರಸಾದ. ಈಗ ಸೊಸೆ ತನಗೇ ಚುಚ್ಚುತ್ತಿದ್ದಾಳೆ ಎಂದುಕೊಂಡು ಇನ್ನೂ ದೂರವಾದರೆ?

ಭಾನುವಾರ ಫಾದರ್ ಬಂದರು, ಪಡಸಾಲೆ ತುಂಬಿತು. ಪಕ್ಕದ ಮನೆಯ ನೇಕಾರ ಅಕ್ಕನೂ ಬಂದಿದ್ದರು. ನಮ್ಮ ಧರ್ಮದವರಲ್ಲ, ಹಾಡು ಕೇಳಲು ಬರುತ್ತಾರೆ. ನಾನು ಎದ್ದು ನಿಂತದ್ದೇ ತಡ, ಯೋಚಿಸಿಟ್ಟಿದ್ದೆಲ್ಲ ಮರೆತುಹೋಯಿತು! ಬಾಯಿಗೆ ಬಂದದ್ದನ್ನೇ ಹೇಳಿದೆ.

"ದೇವರು ಇಲ್ಲಿ ಬೈತಾನ ಖರೇ. ಆದ್ರ ನೊಂದ ಗಂಡ ಬೈದಂಗ ಬೈತಾನ. ಆಕಿ ಒಂದಿನ ತಿರುಗಿ ಬಂದು, 'ಒಡೆಯಾ' ಅನ್ನದ 'ನನ್ನ ಗಂಡ' ಅಂತ ಕರೀಲಿ ಅಂತ ದಾರಿ ಕಾಯ್ತಾನ."

"ಬರೇ ಗಂಡ ಅಂದ್ರ ಹ್ಯಾಂಗ್ರಿ?" ನೇಕಾರ ಅಕ್ಕ ತಟ್ಟನೆ ಅಂದರು. "ಒಡಪ ಹಾಕಿ ಹೆಸರ ಹೇಳಬೇಕಲ್ರಿ!"

ಪಡಸಾಲೆಗೆ ಪಡಸಾಲೆಯೇ ಘೊಳ್ಳೆಂದು ನಕ್ಕಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಲ್ಲಿ ತರುವುದಿಲ್ಲ. ಮದುವೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಕೇಳಿದಾಗ ಪ್ರಾಸ ಕಟ್ಟಿ ಹೇಳುತ್ತಾರೆ, ಅದೇ ಒಡಪು. ಅದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿಲ್ಲ. ನಗೆ ಕೇಳಿ ಅವರು ಸೌಟು ಹಿಡಿದುಕೊಂಡೇ ಅಡುಗೆಮನೆಯ ಹೊಸ್ತಿಲಿಗೆ ಬಂದರು. ನೇಕಾರ ಅಕ್ಕ ಎದ್ದು ಹೋಗಿ ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಹೆಸರ ಹೇಳ್ರಿ ದೊಡ್ಡವ್ವ, ಆಮ್ಯಾಲ ಈ ಕಡೆ ಬರ್ರಿ."

ಗಂಡನನ್ನು ಕಳೆದುಕೊಂಡವರನ್ನು ಹೀಗೆ ಕೇಳುವುದುಂಟೆ? ಅತ್ತೆ ಗೋಡೆಯ ಮೇಲಿನ ಶಿಲುಬೆಯನ್ನೇ ನೋಡುತ್ತ ನಿಂತರು.

"ಎರಿ ಹೊಲದಾಗ ಬಿತ್ಯಾರ ಬಿಳಿಜ್ವಾಳ..." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಯೇಸುಸ್ವಾಮಿ ಹೆಸರ ಹೇಳೂದ ತಡ ಆತು ಭಾಳ!"

ಅಬ್ಬಬ್ಬಾ, ಏನು ಚಪ್ಪಾಳೆ! ನಾನಂತೂ ಅಳುತ್ತಲೇ ನಗುತ್ತಿದ್ದೆ. ಅತ್ತೆ ಬಂದು ಎಲ್ಲರಿಗಿಂತ ಮುಂದೆ ಕುಳಿತು ನನ್ನನ್ನೇ ಗದರಿದರು.

"ಏನ ನೋಡ್ತಿ? ಓದು. ಕಡೀಕ ಅಂವ ಆಕೀನ್ನ ಮತ್ತ ಮನೀಗೆ ಕರಕೊಂಡನೋ ಇಲ್ಲೋ, ನನಗ ಅಷ್ಟ ಬೇಕು."

"ಕರಕೊಂಡ್ರಿ ಅತ್ತಿ, ಕರಕೊಂಡಾ!" ಎಂದೆ, ಪುಸ್ತಕ ನೋಡದೆ.

ಅತ್ತೆ ಸೌಟನ್ನು ನನ್ನ ಕೈಗೆ ತುರುಕಿ ಎದ್ದರು.

"ಫಾದರ್, ಪೂಜಿ ಆಮ್ಯಾಲ ಸುರು ಮಾಡ್ರಿ. ಮೊದಲ ಒಳಗ ಬಂದು ನನ್ನ ಪಾಪನಿವೇದನ ಕೇಳ್ರಿ."