ಸೇತುವೆಯ ಕೆಳಗಿನ ದಾರಿ

ಕದಿರೇಶನಿಗೆ ಲಾರಿ ಎಂದರೆ ಪ್ರಾಣಭಯ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೆಲ್ಲ ಗೊತ್ತಿರುವ ವಿಷಯ. ಮಗಳು ಧನಶ್ರೀ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೈವೇಯಲ್ಲಿ ಟೊಮೊಟೊ ತುಂಬಿದ ಲಾರಿಯೊಂದು ಅವನ ಸೈಕಲ್ಲನ್ನು ಸವರಿಕೊಂಡು ಹೋಗಿತ್ತು. ಇವನು ರಸ್ತೆ ಪಕ್ಕದ ಮೋರಿಗೆ ಬಿದ್ದ. ಎದ್ದು ನೋಡಿಕೊಂಡರೆ ಮೈಮೇಲೆ ಒಂದು ಗೀರೂ ಇಲ್ಲ. ಕೈಯೋ ಕಾಲೋ ಮುರಿದಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು, ನೋಡಲು ಬ್ರೆಡ್ಡು ಹಣ್ಣು ತರುತ್ತಿದ್ದರು. ಏನೂ ಆಗದವನ ಭಯಕ್ಕೆ ಬೆಲೆ ಎಲ್ಲಿಯದು? ಅಂದಿನಿಂದ ಅವನ ಸೈಕಲ್ಲು ಹೈವೇ ಹತ್ತಿಲ್ಲ.

ಊರು ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳ ನಡುವೆ. ಕೆಲಸ ಊರಿನ ಹಾಲಿನ ಡೈರಿಯಲ್ಲಿ. ಬೆಳಗ್ಗೆ ಹಾಲು ಅಳೆದು ಕಳಿಸಿದರೆ ಮತ್ತೆ ಸಾಯಂಕಾಲದವರೆಗೆ ಬಿಡುವು. ಆ ಬಿಡುವಿನಲ್ಲಿ ಅವನು ದಾರಿ ಹುಡುಕಿದ. ತೋಪಿನ ನಡುವಿನ ಗಾಡಿ ಜಾಡು, ಕೆರೆ ಏರಿ, ಗುಂಡುತೋಪು, ಕುರಿ ಹೋಗುವ ಕಾಲುದಾರಿ, ಒಂದಕ್ಕೊಂದು ಸೇರಿಸಿಕೊಂಡು ಎಲ್ಲಿಗೆ ಬೇಕಾದರೂ ಟಾರು ಮುಟ್ಟದೆ ಹೋಗಿಬರುವಷ್ಟು ಪಳಗಿದ. ಬೇರೆಯವರು ಅರ್ಧ ಗಂಟೆಯಲ್ಲಿ ಹೋಗುವ ಜಾಗಕ್ಕೆ ಇವನು ಎರಡು ಗಂಟೆ ತುಳಿಯುತ್ತಿದ್ದ. ಹೆಂಡತಿ ಆದಿಲಕ್ಷ್ಮಿ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೈವೇಯಲ್ಲೇ ಓಡಾಡುವ ಗಟ್ಟಿಗಿತ್ತಿ. "ನಡೆಯೋರು ಎಡವದೆ ಕೂತೋರು ಎಡವ್ತಾರಾ?" ಎಂದು ಅವಳು ಗಂಡನನ್ನು ರೇಗಿಸುತ್ತಿದ್ದಳು. ಅವನು ನಗುತ್ತಿದ್ದ. ಭಯ ಮಾತ್ರ ಇದ್ದಲ್ಲೇ ಇತ್ತು.

ತಮಾಷೆ ನೋಡಿ, ಆ ಭಯವೇ ಅವನಿಗೆ ಹೆಸರು ತಂದುಕೊಟ್ಟಿತು. ಕೋಲಾರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಮೆಹ್ರೀನ್ ಮೇಡಂ ಒಂದು ಭಾನುವಾರ ಗೇರ್ ಸೈಕಲ್ಲಿನಲ್ಲಿ ಬಂದು ತೋಪಿನಲ್ಲಿ ದಾರಿ ತಪ್ಪಿದರು. ಕದಿರೇಶ ಅವರನ್ನು ತನ್ನ ಜಾಡಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದ. "ಒಂದು ಹಾರ್ನೂ ಕೇಳಿಸ್ಲಿಲ್ಲ ಕದಿರೇಶ್!" ಎಂದು ಅವರು ಬೆರಗಾದರು. ಆಮೇಲೆ ಭಾನುವಾರಗಳಲ್ಲಿ ಅವರೂ ಅವರ ಸ್ನೇಹಿತರೂ ಬರತೊಡಗಿದರು. ಗಾಳಿ ಚೆನ್ನಾಗಿದೆ, ಹೊಗೆ ಇಲ್ಲ, ನವಿಲು ಕಾಣಿಸುತ್ತದೆ ಎಂದೆಲ್ಲ ಕದಿರೇಶ ಅವರಿಗೆ ಹೇಳುತ್ತಿದ್ದ. ಹೆದರಿಕೆಯಿಂದ ಹುಟ್ಟಿದ ದಾರಿ ಎಂದು ಒಮ್ಮೆಯೂ ಹೇಳಲಿಲ್ಲ.

ಆ ದಾರಿಯಲ್ಲಿ ಅವನಿಗೆ ಬಹಳ ಹೆಮ್ಮೆ ಇದ್ದದ್ದು ಪಾಲಾರ್ ಹೊಳೆಯ ತುಂಡಿನ ಬಗ್ಗೆ. ಹೊಳೆ ಅನ್ನುವುದು ಹೆಸರಿಗೆ. ಕದಿರೇಶ ಕಣ್ಣುಬಿಟ್ಟಾಗಿನಿಂದ ಅಲ್ಲಿ ಕಂಡದ್ದು ಮರಳು, ಜಾಲಿ, ಮೇಯುವ ಕುರಿ. ಆ ಮರಳಿನ ಪಕ್ಕದ ಗಟ್ಟಿ ನೆಲದ ಮೇಲೆ ತುಳಿದುಕೊಂಡು ಹೋದರೆ ಹೈವೇಯ ದೊಡ್ಡ ಸೇತುವೆ ಸಿಗುತ್ತಿತ್ತು. ಲಾರಿಗಳು ತಲೆಯ ಮೇಲೆ ಗುಡುಗುಡು ಎಂದು ಹೋಗುತ್ತಿದ್ದರೆ ಇವನು ಕೆಳಗೆ ತಣ್ಣಗೆ ಕಂಬಗಳ ನಡುವೆ ನುಸುಳಿ ಆಚೆ ದಡ ಸೇರುತ್ತಿದ್ದ. ಒಂದೇ ಎಚ್ಚರಿಕೆ, ಮರಳು ಕಳ್ಳರು ಟ್ರ್ಯಾಕ್ಟರ್ ತಂದು ಎರಡನೆಯ ಕಂಬದ ಹತ್ತಿರ ಆಳುದ್ದ ಗುಂಡಿ ತೋಡಿದ್ದರು. ಅದನ್ನು ಬಳಸಿಕೊಂಡು ಹೋಗಬೇಕು, ಅಷ್ಟೆ.

ಈ ವರ್ಷ ಧನಶ್ರೀಗೆ ಹೈವೇ ಆಚೆಗಿನ ಡಿಗ್ರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸೋಮವಾರದಿಂದ ತರಗತಿ. ಬಸ್ಸಿನಲ್ಲಿ ಹೋಗುತ್ತೇನೆ ಎಂದಳು. ಹೈವೇ ಪಕ್ಕದಲ್ಲಿ ಮಗಳು ಒಬ್ಬಳೇ ಬಸ್ಸಿಗೆ ಕಾಯುವುದು, ಇಳಿದು ಅಡ್ಡ ದಾಟುವುದು, ದಿನಾ ಎರಡು ಸಲ! ಇದನ್ನು ನೆನೆಸಿಕೊಂಡು ಕದಿರೇಶ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ.

"ನನ್ನ ದಾರೀಲಿ ಸೈಕಲ್ಲಲ್ಲಿ ಹೋಗು ಪಾಪ. ಒಂದು ಗಾಡಿ ಎದುರು ಬಂದ್ರೆ ಕೇಳು," ಎಂದ.

"ಎರಡು ಗಂಟೆ ತುಳ್ಕೊಂಡು ಹೋದ್ರೆ ಕ್ಲಾಸಲ್ಲಿ ಮಲ್ಕೋತೀನಿ ಅಷ್ಟೆ."

"ಭಾನುವಾರ ಒಂದ್ ಸಲ ಬಾ. ನೋಡಿ ಆಮೇಲೆ ಹೇಳು."

ಅಪ್ಪನ ಮುಖ ನೋಡಿ ಅವಳು ಒಪ್ಪಿದಳು.

ಆ ವಾರ ಮೇಲಿನ ಊರುಗಳಲ್ಲಿ ಚೆನ್ನಾಗಿ ಮಳೆಯಾಗಿತ್ತು. ಭಾನುವಾರ ಬೆಳಗ್ಗೆ ಡೈರಿಯನ್ನು ಆದಿಲಕ್ಷ್ಮಿಗೆ ಒಪ್ಪಿಸಿ ಅಪ್ಪ ಮಗಳು ಹೊರಟರು, ಜೊತೆಗೆ ಮೆಹ್ರೀನ್ ಮೇಡಂ. ತೋಪು ದಾಟಿ, ಏರಿ ದಾಟಿ, ಹೊಳೆಯ ಪಕ್ಕದಲ್ಲಿ ಸೇತುವೆಯ ಹತ್ತಿರ ಬಂದರೆ ಅಲ್ಲಿ ಜನವೋ ಜನ. ಮೇಲಿನ ಕೆರೆ ಕೋಡಿ ಬಿದ್ದಿತ್ತು. ಕಂದು ಬಣ್ಣದ ನೀರು ಮರಳಿನ ಮೇಲೆ ತೆಳ್ಳಗೆ ಹರಡಿಕೊಂಡು ಬರುತ್ತಿತ್ತು. ಪಕ್ಕದ ಊರಿನ ಹೆಂಗಸರು ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ತೆಂಗಿನಕಾಯಿ ಇಟ್ಟುಕೊಂಡು ಗಂಗಮ್ಮನ ಪೂಜೆಗೆ ಬಂದಿದ್ದರು. ಹುಡುಗರು ನೀರೆರಚಾಡುತ್ತಿದ್ದರು, ಗಂಡಸರು ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದರು. ಹೊಳೆಯನ್ನು ಕಂಡೇ ಇರದ ಜನಕ್ಕೆ ಹೊಳೆಯ ಭಯ ಎಲ್ಲಿಂದ ಬರಬೇಕು? ಎಲ್ಲರಿಗೂ ಅದು ಹಬ್ಬ.

ಮೆಹ್ರೀನ್ ಮೇಡಂ ನಿಂತರು. "ಮೇಲೆ ಹತ್ತಿ ಹೈವೇ ದಾಟ್ಬಿಡೋಣ ಕದಿರೇಶ್. ನೀರು ನನಗೆ ಸರಿ ಕಾಣ್ತಿಲ್ಲ."

ಆ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಕದಿರೇಶ ಸೈಕಲ್ಲನ್ನು ನೀರಿನ ಕಡೆಗೆ ತಿರುಗಿಸಿದ. ಮಗಳನ್ನು ಕರೆತಂದದ್ದೇ ಹೈವೇ ಬೇಡ ಎಂದು ತೋರಿಸಲು. ಈಗ ಅವಳ ಕಣ್ಣೆದುರೇ ಹೈವೇ ಹತ್ತಿದರೆ ತನ್ನ ಮಾತಿಗೆ ಏನು ಬೆಲೆ?

"ಪಾದ ಮುಳುಗ್ತಿಲ್ಲ ಮೇಡಂ. ಇದು ನಮ್ಮ ಹೊಳೆ, ನಮಗೇನ್ ಮಾಡುತ್ತೆ?" ಎಂದ.

ಪೂಜೆಗೆ ಬಂದಿದ್ದ ಮುದುಕಿ ಅಕ್ಕಯಮ್ಮ ಧನಶ್ರೀಯ ಹಣೆಗೆ ಕುಂಕುಮ ಇಟ್ಟು, "ಗಂಗಮ್ಮ ತವರಿಗೆ ಬಂದವ್ಳೆ, ಹೋಗ್ ತಲ್ಲಿ, ಹೋಗ್ ತಾಯಿ," ಎಂದು ಹರಸಿದಳು. ಅಷ್ಟಾದ ಮೇಲೆ ಇನ್ನೇನು ಬೇಕು?

ಸೈಕಲ್ ತಳ್ಳಿಕೊಂಡು ನೀರಿಗಿಳಿದರು. ಮುಂದೆ ಕದಿರೇಶ, ಹಿಂದೆ ಮಗಳು, ಕೊನೆಯಲ್ಲಿ ಮೇಡಂ. ಪಾದ, ಮೀನಖಂಡ, ಮಂಡಿ. ಕಾಲಡಿಯ ಮರಳು ಜಾರಿ ಜಾರಿ ಹೋಗುತ್ತಿತ್ತು. ಗುಂಡಿ ಅವನ ನೆನಪಿನಲ್ಲಿತ್ತು, ಬೇಕೆಂದೇ ದೂರದಿಂದ ಬಳಸಿದ. ಆದರೆ ಹರಿಯುವ ನೀರು ಗುಂಡಿಯ ಅಂಚನ್ನು ಕೊರೆದು ಕೊರೆದು ಅಗಲ ಮಾಡಿತ್ತು. ಕಂದು ನೀರಿನ ಅಡಿಯಲ್ಲಿ ಅದು ಎಲ್ಲಿ ಶುರು, ಎಲ್ಲಿ ಕೊನೆ ಯಾರಿಗೆ ಗೊತ್ತು?

"ಅಪ್ಪಾ" ಎನ್ನುವ ಸದ್ದು ಅರ್ಧಕ್ಕೆ ನಿಂತಿತು.

ತಿರುಗಿ ನೋಡಿದರೆ ಮಗಳಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ನೀರಿನ ಮೇಲಿತ್ತು, ಅದೂ ನಿಧಾನಕ್ಕೆ ಒಳಗೆ ಹೋಗುತ್ತಿತ್ತು. ಈಜು ಕದಿರೇಶನಿಗೆ ಬಾರದು. ಅಲ್ಲಿದ್ದ ಯಾರಿಗೆ ಬರುತ್ತಿತ್ತು? ತನ್ನ ಸೈಕಲ್ಲನ್ನು ಕೈಬಿಟ್ಟು ಹಾರಿದ. ಚಕ್ರದ ಹಿಂದಿನ ಕ್ಯಾರಿಯರ್ ಕೈಗೆ ಸಿಕ್ಕಿತು. ಆಚೆ ತುದಿಯಲ್ಲಿ ಭಾರವಿತ್ತು. ಅವಳು ಹ್ಯಾಂಡಲ್ ಹಿಡಿದಿದ್ದಾಳೆ! ಆದರೆ ಅವನ ಕಾಲೂ ಕುಸಿಯುತ್ತಿತ್ತು, ನಿಂತಷ್ಟೂ ಮರಳು ಅವನನ್ನು ಗುಂಡಿಯ ಕಡೆಗೇ ಜಗ್ಗುತ್ತಿತ್ತು.

"ನಿಂತ್ಕೋಬೇಡ್ವೋ! ಪಣುಕೋ, ಬೋರಲು ಮಲಕ್ಕೋ!" ದಡದಿಂದ ಅಕ್ಕಯಮ್ಮ ಕಿರುಚಿದಳು. ಕೆರೆಯ ಕೆಸರಿನಿಂದ ಎಮ್ಮೆ ಎಳೆದವಳ ಕೂಗು ಅದು.

ಅವನು ನೀರಿನಲ್ಲೇ ಬೋರಲು ಬಿದ್ದ. ಮೆಹ್ರೀನ್ ಮೇಡಂ ಅವನ ಕಾಲೆರಡನ್ನೂ ಅಪ್ಪಿಕೊಂಡು ಹಿಂದಕ್ಕೆ ಕೂತರು. ಮೂಗಿಗೆ, ಬಾಯಿಗೆ ನೀರು ನುಗ್ಗಿತು. ಬಿಡಬೇಡ ಪಾಪ, ಬಿಡಬೇಡ, ಲಾರಿ ಬಂದರೂ ಬರಲಿ, ನೀನು ಬಿಡಬೇಡ ಎಂದು ಅವನ ಮನಸ್ಸು ಹುಚ್ಚುಚ್ಚಾಗಿ ಗೋಗರೆಯುತ್ತಿತ್ತು. ಹಿಂದಿನಿಂದ ಹೆಂಗಸರು ಕೈಕೈ ಹಿಡಿದುಕೊಂಡು ಬಂದು ಮೇಡಂ ಸೊಂಟಕ್ಕೆ ಕೈ ಹಾಕಿ ಎಳೆದರು. ಮೊದಲು ಹ್ಯಾಂಡಲ್ ಕಂಡಿತು, ಆಮೇಲೆ ಅದನ್ನು ಬಿಗಿದುಕೊಂಡ ಬೆರಳು, ಆಮೇಲೆ ಕೂದಲು. ಕದಿರೇಶ ಆ ಮಣಿಕಟ್ಟನ್ನು ಹಿಡಿದುಕೊಂಡ. ಸೈಕಲ್ಲು ಜಾರಿ ಗುಂಡಿ ಸೇರಿತು.

ದಡದಲ್ಲಿ ಧನಶ್ರೀ ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಅಕ್ಕಯಮ್ಮ ಅವಳ ಬೆನ್ನು ಉಜ್ಜುತ್ತಾ ಅಳುತ್ತಿದ್ದಳು. "ಹರಸಿ ಕಳಿಸಿದ್ನಲ್ಲಪ್ಪಾ, ನನ್ನ ನಾಲಿಗೆ ಬಿದ್ದೋಗ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ನೀರೆರಚಾಡುತ್ತಿದ್ದ ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡರು. ಅಷ್ಟೊತ್ತಿಗೆ ನೀರು ಇನ್ನೂ ಏರಿ, ಇವರು ಬಂದಿದ್ದ ದಾರಿಯೂ ಮುಳುಗಿತ್ತು.

"ಡಾಕ್ಟರಿಗೆ ತೋರಿಸ್ಬೇಕು ಕದಿರೇಶ್. ಶ್ವಾಸಕೋಶಕ್ಕೆ ನೀರು ಹೋಗಿದ್ರೆ ಕಷ್ಟ," ಎಂದರು ಮೇಡಂ. "ಮೇಲೆ ಹೈವೇಯಲ್ಲಿ ಸ್ವಲ್ಪ ದೂರದಲ್ಲೇ ಒಂದು ಕ್ಲಿನಿಕ್ ಇದೆ. ಆಟೋ ಸಿಗುತ್ತಾ ನೋಡೋಣ್ವ?"

ಸಿಗುತ್ತದೋ ಇಲ್ಲವೋ ಎಂದು ಕಾಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ನೀರಿನಲ್ಲಿ ಬಿದ್ದಿದ್ದ ಅವನ ಸೈಕಲ್ಲನ್ನೂ ಮೇಡಂ ಸೈಕಲ್ಲನ್ನೂ ಯಾರೋ ಎತ್ತಿ ತಂದಿದ್ದರು. ತನ್ನದನ್ನು ಹೊತ್ತು ದಿಣ್ಣೆ ಹತ್ತಿದ, ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡ, ಹೈವೇಯಲ್ಲಿ ತುಳಿಯತೊಡಗಿದ. ಮೊದಲ ಲಾರಿಯ ಗಾಳಿ ಬಡಿದಾಗ ಹ್ಯಾಂಡಲ್ ಅಲುಗಾಡಿತು. ಎರಡನೆಯದು ಇನ್ನೂ ಹತ್ತಿರ ಬಂತು. ಆದರೂ ತುಳಿದ. ಹಿಂದೆ ಮೆಹ್ರೀನ್ ಮೇಡಂ ತಮ್ಮ ಸೈಕಲ್ಲಿನ ಕೆಂಪು ದೀಪ ಮಿನುಗಿಸಿಕೊಂಡು ಲಾರಿಗಳಿಗೆ ಅಡ್ಡವಾಗಿ ಬರುತ್ತಿದ್ದರು.

ಧನಶ್ರೀ ಅವನ ಸೊಂಟವನ್ನು ಬಳಸಿ ಹಿಡಿದಿದ್ದಳು. "ಅಪ್ಪಾ, ನಡುಗ್ತಿದ್ದೀಯ."

"ನೀನು ಕಣೇ ನಡುಗ್ತಿರೋದು. ಒದ್ದೆ ಬಟ್ಟೆ."

"ಇಲ್ಲ. ನೀನೇ."

ಇನ್ನೊಂದು ಲಾರಿ ದಾಟಿಹೋಯಿತು. "ಹೂಂ ಪಾಪ, ನಾನೇ," ಎಂದ ಆಮೇಲೆ. "ನಂಗೆ ತುಂಬಾ ಭಯ ಆಗ್ತಿದೆ."

ಅವಳು ಹಿಡಿತ ಇನ್ನಷ್ಟು ಬಿಗಿ ಮಾಡಿದಳು. "ನಂಗೂ."

ಹದಿನೇಳು ವರ್ಷದ ಮಗಳಿಗಾಗಿ ಇಡೀ ಸೀಮೆಯಲ್ಲಿ ಭಯವಿಲ್ಲದ ದಾರಿ ಒಂದನ್ನು ಕಂಡುಹಿಡಿದಿದ್ದೇನೆ ಎಂದುಕೊಂಡಿದ್ದ ಅವನು. ಆ ದಾರಿಗೆ ಅವಳನ್ನು ತಾನೇ ಕೈಯಾರೆ ಇಳಿಸಿದ್ದ. ಇನ್ನು ಯಾವ ದಾರಿ ತೋರಿಸಿ ಇಲ್ಲಿ ಹೋಗು, ಅಲ್ಲಿ ಬೇಡ ಎನ್ನುವುದು? ಕ್ಲಿನಿಕ್ಕಿನ ಬೋರ್ಡು ಕಾಣುವ ಹೊತ್ತಿಗೆ ಅವನ ಕಣ್ಣು ಮಂಜಾಗಿತ್ತು.

"ನಾಳೆ ಬಸ್ಸಲ್ಲೇ ಹೋಗು," ಎಂದ. "ನಾನು ಮನೇಲಿ ಹೆದರ್ಕೊಂಡು ಕೂತಿರ್ತೀನಿ. ನೀನು ಹೋಗು."