ಸೀತನಿಯ ದಿನ ಬಂದ ಜೇನು

ಆ ವರ್ಷ ನಮ್ಮ ಅತ್ತೆಗೆ ಒಂದೇ ಆಸೆ ಹಿಡಿದುಕೊಂಡಿತ್ತು. ತನ್ನ ವಾರಿಗೆಯವರಲ್ಲಿ ಉಳಿದವರನ್ನೆಲ್ಲ ಒಂದು ದಿನ ತೋಟಕ್ಕೆ ಕರೆದು ಸೀತನಿ ತಿನ್ನಿಸಬೇಕು ಅಂತ. ಎಳೆಯ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಕಾಳು ಅದು. "ಅದಕ್ಕ ಹಲ್ಲ ಬೇಕಿಲ್ಲ ಯವ್ವಾ, ವಸಡ ಇದ್ರ ಸಾಕು. ಕರಿಯೋಣು," ಅಂದರು. ನನ್ನ ಗಂಡ ನಿಜಾಮ ಸರಕಾರದ ಕಚೇರಿಯಲ್ಲಿ ಅಹಲ್ಕಾರರಾಗಿ ಕಾಗದಪತ್ರ ಬರೆಯುತ್ತಿದ್ದರು. ಅವರು ಹೋಗಿಬರುವವರ ಕೈಯಲ್ಲಿ ಭಾಲ್ಕಿಗೂ ಔರಾದಕ್ಕೂ ಹೇಳಿಕಳಿಸಿದರು. ಉಳಿದದ್ದೆಲ್ಲ ನನ್ನ ತಲೆಯ ಮೇಲೆ ಬಿತ್ತು. ನಾನು ಭಾಲ್ಕಿಯಿಂದ ಸೊಸೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ.

ನಮ್ಮ ತೋಟ ಬೀದರದಿಂದ ಔರಾದದ ದಾರಿಯಲ್ಲಿ, ದಿಣ್ಣೆ ಇಳಿದು ಕೆಂಪು ಮಣ್ಣು ಮುಗಿದು ಕರಿಮಣ್ಣು ಶುರುವಾಗುವಲ್ಲಿ ಇತ್ತು. ಕೆಲವು ಮಾವಿನ ಮರ, ಒಂದು ಬಾವಿ, ಆಚೆಗೆ ಜೋಳದ ಹೊಲ, ಅಷ್ಟೇ. ವಯಸ್ಸಾದವರನ್ನು ಕರೆಯುವುದೆಂದರೆ ಮೊದಲು ಅಡುಗೆಯ ಚಿಂತೆ ಅಂದುಕೊಂಡಿದ್ದೆ. ಹಾಗಲ್ಲ, ಮೊದಲಿನ ಚಿಂತೆ ಕೂಡ್ರಿಸುವುದು. ನೆಲಕ್ಕೆ ಕೂತರೆ ಏಳಲು ಆಗದವರೇ ಹೆಚ್ಚು. ಓಣಿಯ ಮನೆಮನೆಯಿಂದ ಹಗ್ಗದ ಹೊರಸು ತರಿಸಿದೆ. ಬೆನ್ನಿಗೆ ಹೊಟ್ಟಿನ ಚೀಲ ಇಡಿಸಿದೆ. ಕೋಲು ಜಾರದಂತೆ ಹೆಂಟೆ ಒಡೆಸಿ ದಾರಿ ಸಮ ಮಾಡಿಸಿದೆ. ಚಕ್ಕಡಿಯಿಂದ ಇಳಿಯಲು ಒಂದರ ಮೇಲೊಂದು ಕಲ್ಲು ಇಟ್ಟು ಮೆಟ್ಟಿಲು ಕಟ್ಟಿಸಿದೆ.

ಆ ದಿನ ಬೆಳಿಗ್ಗೆ ಮೊದಲು ಬಂದವರು ಭಾಲ್ಕಿ ಕಡೆಯ ಭಾತಂಬ್ರಾದ ಮುದುಕಿ, ಅತ್ತೆಯ ಬಾಲ್ಯದ ಗೆಳತಿ. ಇಳಿದವರೇ ಅತ್ತೆಯ ಗದ್ದ ಹಿಡಿದು ನೋಡಿದರು.

"ನೀ ಏನ ಇಷ್ಟ ಮುದುಕಿ ಆಗೀದಿ?"

"ನಿಂದೇನ ಕಡಿಮಿ ಆಗ್ಯಾದ? ಬಾ, ಕುಂದ್ರು," ಅಂದರು ಅತ್ತೆ.

ಔರಾದದಿಂದ ಅತ್ತೆಯ ಅಣ್ಣ ಬಂದರು. ಅವರಿಗೆ ಎರಡೂ ಕಣ್ಣು ಹೋಗಿದ್ದವು. ನಮ್ಮ ಓಣಿಯ ಮುನ್ಷಿ ಸಾಹೇಬರು, ನನ್ನ ಗಂಡನಿಗೆ ಉರ್ದು ಅಕ್ಷರ ತಿದ್ದಿಸಿದವರು, ಟಾಂಗಾದಲ್ಲಿ ಬಂದರು. ಇನ್ನೂ ಐದಾರು ಮಂದಿ ಬಂದರು. ಎಲ್ಲರನ್ನೂ ದೊಡ್ಡ ಮಾವಿನ ಮರದ ಕೆಳಗೆ ಕೂಡ್ರಿಸಿದೆವು. ಮರ ತುಂಬ ಹೂವು ಬಿಟ್ಟಿತ್ತು. ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿದ್ದೆವು. ನಾನು ಬಿಸಿ ಕಾಳನ್ನು ಬೆಲ್ಲದ ಜೊತೆ ಎಲೆಯಲ್ಲಿ ತಂದು ಕೊಡುತ್ತಿದ್ದೆ. ಭಾತಂಬ್ರಾದ ಮುದುಕಿಯ ಮಾತಿಗೆ ಎಲ್ಲರೂ ನಗುತ್ತಿದ್ದರು.

ಆಗ ಅತ್ತೆಯ ಅಣ್ಣ ಕೈ ಎತ್ತಿ ಮಾತು ನಿಲ್ಲಿಸಿದರು. "ಮಳಿ ಬರ್ಲತ್ತಾದೇನು? ಸಪ್ಪಳ ಕೇಳ್ತದ."

ಮೋಡದ ಸುಳಿವೇ ಇರಲಿಲ್ಲ. ನಾನು ತಿರುಗಿ ನೋಡಿದೆ. ಜೋಳದ ಹೊಲದ ಮೇಲಿಂದ ಕಪ್ಪಗೆ, ಹೊಗೆಯ ಹಾಗೆ ಹಿಗ್ಗುತ್ತ ಕುಗ್ಗುತ್ತ ಏನೋ ಬರುತ್ತಿತ್ತು. "ಜೇನು" ಎಂದು ಯಾರೋ ಅಂದರು. ಚಕ್ಕಡಿಯವರು ಓಡಿದರು. ನನ್ನ ಗಂಡ ಓಡಿದರು. ನಾನೂ ಸೆರಗು ಮುಚ್ಚಿಕೊಂಡು ಬಾವಿಯ ಕಡೆ ಓಡಿದೆ.

ಬಾವಿಯ ಕಟ್ಟೆಯ ಹಿಂದೆ ಕೂತ ಮೇಲೆ ನೆನಪಾಯಿತು, ಅವರ್‍ಯಾರೂ ಓಡಲಾರರು.

ಇಣುಕಿ ನೋಡಿದರೆ ಮರದ ಕೆಳಗೆ ಹುಳಗಳದೇ ಮಸುಕು. ಹೊರಸುಗಳು ಕಾಣುತ್ತಿರಲಿಲ್ಲ. ಅವರ ಮಕ್ಕಳಿಗೆ ಏನು ಹೇಳಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಮಸುಕಿನೊಳಗಿಂದ ಅತ್ತೆಯ ಕೈ ಮೇಲೆದ್ದಿತು. ಮೆಲ್ಲಗೆ ಬದುವಿನ ಬೆಂಕಿಯತ್ತ ತೋರಿಸಿ, ಮತ್ತೆ ಕೆಳಗಿಳಿಯಿತು. ಹೊಗೆ ಮರದ ಕಡೆಗೇ ಸಾಗುತ್ತಿತ್ತು. ಹೊಗೆ ತಾಕಿದರೆ ಜೇನು ಕೆರಳುತ್ತದೆ ಎಂಬುದು ನನಗೂ ಗೊತ್ತಿತ್ತು. ನಾನು ಬಗ್ಗಿ ಬಗ್ಗಿ ಹೋಗಿ, ಎರಡೂ ಕೈಯಿಂದ ಮಣ್ಣು ಬಳಿದು ಕೆಂಡದ ಮೇಲೆ ಹಾಕಿದೆ. ಹೊಗೆ ನಿಂತಿತು. ತಿರುಗಿ ಬಾವಿಗೆ ಹೋಗಲು ಮನಸ್ಸಾಗಲಿಲ್ಲ. ಮರದ ಕಡೆ ನಡೆದೆ.

ಅಷ್ಟರಲ್ಲಿ ಜೇನು ಅವರ ತಲೆಯ ಮೇಲಿನ ಕೊಂಬೆಗೆ ಇಳಿಯುತ್ತಿತ್ತು. ಒಂದನ್ನೊಂದು ಹಿಡಿದು, ಅದರ ಮೇಲೆ ಇನ್ನೊಂದು ಕೂತು, ನೋಡನೋಡುತ್ತ ಕಂಬಳಿ ಇಳಿಬಿಟ್ಟ ಹಾಗೆ ಆಯಿತು. ಆ ಕಂಬಳಿಯ ಮೈಮೇಲೆ ಗಾಳಿಗೆ ಹೊಲ ಆಡುವಂತೆ ಅಲೆ ಏಳುತ್ತಿತ್ತು. ಕೊಂಬೆ ಭಾರಕ್ಕೆ ಬಾಗಿತು. ಕೂತವರು ಯಾರೂ ಅಲುಗಾಡಿರಲಿಲ್ಲ. ಭಾತಂಬ್ರಾದ ಮುದುಕಿಯ ಬಿಳಿಯ ಕೂದಲ ಮೇಲೆ ಹುಳಗಳು ಹರಿದಾಡುತ್ತಿದ್ದವು. ಅವರು ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಕೂತಿದ್ದರು. ಒಂದು ಹುಳ ಮುನ್ಷಿ ಸಾಹೇಬರ ಬೆರಳಿನ ಬೆಲ್ಲ ಹೀರುತ್ತಿತ್ತು. ಅವರು ಅದನ್ನು ಕಣ್ಣ ಹತ್ತಿರ ತಂದುಕೊಂಡು ನೋಡುತ್ತಿದ್ದರು.

"ಇವೂ ನಮ್ಮ ಹಾಂಗ ಮೆಹಮಾನರೇ ಬೇಟಿ," ಅಂದರು ಪಿಸುದನಿಯಲ್ಲಿ. "ದಣದಾವ. ಕುಂತು ಹೋಗ್ಲಿ ಬಿಡ್ರಿ."

ನಾನು ಅತ್ತೆಯ ಹೊರಸಿನ ಕಾಲಿಗೆ ಒರಗಿ ಕೂತೆ. ಆ ಸಪ್ಪಳ ಕಿವಿಗಿಂತ ಹೆಚ್ಚಾಗಿ ಎದೆಯೊಳಗೆ ಕೇಳುತ್ತಿತ್ತು. ಅತ್ತೆಯ ಅಣ್ಣ ಎರಡೂ ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಮುಖ ಮೇಲೆತ್ತಿ ಕೂತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ನಾನು ಗುಡಿಗೆ ಹೋಗಿದ್ದೇನೆ, ಮಠದಲ್ಲಿ ಕೂತಿದ್ದೇನೆ. ಆ ಹೊತ್ತಿನ ಹಾಗೆ ಉಸಿರು ಬಿಗಿಹಿಡಿದು ಎಲ್ಲಿಯೂ ಕೂತಿರಲಿಲ್ಲ.

ಊಟದ ಹೊತ್ತು ಮೀರುತ್ತಿತ್ತು. ಅತ್ತೆ ನನ್ನ ಭುಜ ಮುಟ್ಟಿ, "ನೀಡು," ಅಂದರು. ಬೆಂಕಿ ಹಚ್ಚಿ ಕಾಸುವಂತಿರಲಿಲ್ಲ. ಆರಿದ ಹುಗ್ಗಿ, ಮೊಸರು, ಮೆತ್ತಗಿನ ರೊಟ್ಟಿ, ಇದ್ದದ್ದನ್ನೇ ಬಡಿಸಿದೆ. ಬಳೆ ಸದ್ದಾಗದಂತೆ ಮೇಲೆ ಸರಿಸಿಕೊಂಡಿದ್ದೆ. ಆ ಜೋತುಬಿದ್ದ ಜೇನಿನ ಕೆಳಗೆ ಅವರು ಉಂಡರು. ತಾಟಿಗೆ ಬಿದ್ದ ಹುಳವನ್ನು ಎಲೆಯ ತುದಿಯಿಂದ ಎತ್ತಿ ಬಿಡುತ್ತ, ಬೇಕು ಬೇಡ ಎಂದು ಕೈಸನ್ನೆ ಮಾಡುತ್ತ ಉಂಡರು. ಭಾತಂಬ್ರಾದ ಮುದುಕಿ ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡರು. ನನ್ನ ಗಂಡ ಬಾವಿಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದರು.

ಬಿಸಿಲು ಇಳಿಮುಖವಾದಾಗ ಸಪ್ಪಳದ ಧಾಟಿ ಬದಲಾಯಿತು. ಕಂಬಳಿ ತಳದಿಂದ ಬಿಚ್ಚತೊಡಗಿತು. ಒಂದು ಉಸಿರಿಗೆ ಆಕಾಶ ತುಂಬಿ, ನಮ್ಮ ಮೇಲೆ ನೆರಳಾಡಿಸಿ, ಬೀದರದ ದಿಣ್ಣೆಯ ಕಡೆ ಹೋಯಿತು. ಕೊಂಬೆ ಮೇಲಕ್ಕೆ ಚಿಮ್ಮಿ, ಹೂವು ಎಲ್ಲರ ತಲೆಯ ಮೇಲೆ ಉದುರಿತು. ಯಾರಿಗೂ ಒಂದು ಕಡಿತವೂ ಆಗಿರಲಿಲ್ಲ. ಆಮೇಲೆ ಭಾತಂಬ್ರಾದ ಮುದುಕಿ, "ಈಗರೆ ಬೆಂಕಿ ಹಚ್ಚವ್ವಾ. ನನಗ ಇನ್ನೊಂದೀಟು ಸೀತನಿ ಬೇಕು," ಅಂದರು.

ಸಂಜೆ ಎಲ್ಲರನ್ನೂ ಕಳಿಸಿ ಮನೆಗೆ ಬಂದ ಮೇಲೆ, ಅತ್ತೆಯ ಕಾಲು ಒತ್ತುತ್ತ ಕೇಳಿದೆ. "ನಿಮಗ ಅಂಜಿಕಿ ಆಗ್ಲಿಲ್ಲೇನ್ರಿ?"

"ಯಾಕ ಆಗ್ಲಿಲ್ಲ? ಓಡ್ಲಾಕ ಬರ್ತಿದ್ರ ನಿಮ್ಕಿಂತ ಮೊದಲ ಓಡ್ತಿದ್ದೆ. ಓಡಿದ್ರ ಅದೆಲ್ಲಾ ನೋಡ್ಲಾಕ ಸಿಗ್ತಿತ್ತೇನು?"

ಮರುದಿನ ಹೊರಸು ತರಲು ತೋಟಕ್ಕೆ ಹೋದಾಗ, ನನ್ನ ಗಂಡನಿಗೆ ಆ ಕೊಂಬೆಯನ್ನು ಬಗ್ಗಿಸಲು ಹೇಳಿದೆ. ತೊಗಟೆಯ ಮೇಲೆ ಬಿಳಿಯ ಮೇಣ, ಹಿಟ್ಟು ಚೆಲ್ಲಿದ ಹಾಗೆ ತೆಳ್ಳಗೆ ಅಂಟಿತ್ತು. ಅವರು ಉಗುರಿನಿಂದ ಒಂದಿಷ್ಟು ಕೆರೆದು ಮೂಸಿ ನೋಡಿ, ನನ್ನ ಅಂಗೈಗೆ ಹಾಕಿದರು. ಹೊರಸು ಹೇರಿ ಮನೆಗೆ ಬರುವವರೆಗೂ ನಾನು ಆ ಮುಷ್ಟಿ ಬಿಚ್ಚಲಿಲ್ಲ.