ಹಾರ್ನು ಕೂಗಿದರೆ ಊಟ

ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೂ ಟೈಲರಪ್ಪ ಸುಮ್ಮನೆ ಕೂರುವ ಜಾಯಮಾನದವನಲ್ಲ. ತುಕ್ಕು ಹಿಡಿದ ಹಳೇ ಕಾರೊಂದನ್ನು ಅಂಗಳಕ್ಕೆ ಎಳೆದು ತಂದ. ಎಂಜಿನ್ನು ಸತ್ತಿತ್ತು, ಬಾಗಿಲನ್ನು ಹಗ್ಗದಲ್ಲಿ ಕಟ್ಟಿತ್ತು. ಆದರೆ ಮಹಾಶಯ ಮೊದಲು ರಿಪೇರಿ ಮಾಡಿದ್ದು ಹಾರ್ನು. ಆಮೇಲೆ ಸೀಟುಗಳಿಗೆ ಕೋಟಿನ ಬಟ್ಟೆ ಹೊಲಿದ, ಜೇಬೂ ಇಟ್ಟ.

ಕಾರಿನ ಕೆಳಗೆ ತೂರಿದನೆಂದರೆ ಹೆಂಡತಿ ಊಟಕ್ಕೆ ಕರೆದು ಕರೆದು ಗಂಟಲು ಒಣಗಿಸಿಕೊಳ್ಳಬೇಕು. ಅವನದು ಜಾಣಕಿವುಡು. ಒಂದು ದಿನ ಅವಳು ರೇಗಿ ಹಾರ್ನು ಒತ್ತಿದಳು. ಬಿಲದಿಂದ ಹೆಗ್ಗಣ ಬಂದ ಹಾಗೆ ಈಚೆ ಬಂದ. ಅಂದಿನಿಂದ ಅದೇ ರೂಢಿಯಾಯಿತು: ಹಾರ್ನು ಕೂಗಿದರೆ ಟೈಲರಪ್ಪ ಸ್ಪ್ಯಾನರ್ ಬಿಸಾಕಿ, ಕೈ ತೊಳೆದು, ತಟ್ಟೆ ಮುಂದೆ ಹಾಜರು.

ಅಂತೂ ಇಂತೂ ಕಾರು ಓಡಿತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗತ್ತಿನಿಂದ ಪೇಟೆಗೆ ಹೊರಟ. ಸಿಗ್ನಲ್‌ನಲ್ಲಿ ಹಸಿರು ದೀಪ ಹತ್ತಿದ್ದೇ ತಡ, ಹಿಂದಿನ ಲಾರಿಯವನು ಉದ್ದಕ್ಕೆ ಹಾರ್ನು ಹೊಡೆದ. ಟೈಲರಪ್ಪ ಎಂಜಿನ್ ಆರಿಸಿ, ಕೆಳಗಿಳಿದು, ಕೈ ತೊಳೆಯಲು ನಲ್ಲಿ ಹುಡುಕತೊಡಗಿದ.

ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ರೀ, ಕರೆದಿದ್ದು ನಾನಲ್ಲ, ಹಿಂದಿನ ಲಾರಿಯವನು. ಹೋಗಿ ಕೇಳಿ, ಏನು ಅಡುಗೆ ಮಾಡಿದ್ದಾನೋ.”